ಹೋಟೆಲ್ ವ್ಯಾಪಾರದಲ್ಲಿ ಸಂಬಳದ ಲೆಕ್ಕ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮಲ್ಲಿ ಹಲವು ಕುಟುಂಬಗಳು ಹೋಟೆಲ್ ವ್ಯಾಪಾರವನ್ನು ನಂಬಿ ಬದುಕುತ್ತಿವೆ. ತಂದೆ ಗಲ್ಲಾದಲ್ಲಿ ಕುಳಿತಿರುತ್ತಾರೆ, ಮಕ್ಕಳು ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿರುತ್ತಾರೆ. ಆದರೆ ಓದಿದ ಲೆಕ್ಕಶಾಸ್ತ್ರ ಆ ಗಲ್ಲಾದವರೆಗೆ ಬರುವುದು ಅಪರೂಪ. ಅದಕ್ಕಾಗಿಯೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಹೋಟೆಲಿನ ದೊಡ್ಡ ಖರ್ಚುಗಳು ಮೂರು: ಅಡುಗೆ ಸಾಮಾನು, ನೌಕರರ ವೆಚ್ಚ, ಬಾಡಿಗೆ. ಮಾಂಸದ ದರ, ಅಕ್ಕಿಯ ದರ ಮಾಲೀಕರಿಗೆ ಬಾಯಿಪಾಠ. ಆದರೆ ನೂರು ರೂಪಾಯಿ ಮಾರಾಟದಲ್ಲಿ ನೌಕರರಿಗೆ ಎಷ್ಟು ಹೋಗುತ್ತದೆ ಎಂದು ಕೇಳಿದರೆ ಉತ್ತರ ತಡವಾಗುತ್ತದೆ. ಸೂತ್ರ ಸುಲಭ. ತಿಂಗಳ ನೌಕರ ವೆಚ್ಚವನ್ನು ಆ ತಿಂಗಳ ಮಾರಾಟದಿಂದ ಭಾಗಿಸಿ ನೂರರಿಂದ ಗುಣಿಸಬೇಕು.

ಒಂದು ಉದಾಹರಣೆ ನೋಡೋಣ. ಒಂದು ಹೋಟೆಲಿನ ತಿಂಗಳ ಮಾರಾಟ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ನೌಕರರು 10 ಜನ, ತಲಾ 20,000 ರೂಪಾಯಿಯಂತೆ ಸಂಬಳ 2 ಲಕ್ಷ. ಶೇ. 20 ಎಂದು ಮಾಲೀಕರು ಹೇಳುತ್ತಾರೆ. ಆದರೆ ಊಟ-ತಿಂಡಿಗೆ ದಿನಕ್ಕೆ ತಲಾ 100 ರೂಪಾಯಿಯಂತೆ ತಿಂಗಳಿಗೆ 30,000 ಆಗುತ್ತದೆ. ಉಳಿಯುವ ಕೋಣೆಯ ಬಾಡಿಗೆ 15,000. ಇ.ಎಸ್.ಐ. ವಂತಿಗೆ 6,500. ಹಬ್ಬಕ್ಕೆ ಒಂದು ತಿಂಗಳ ಸಂಬಳ ಬೋನಸ್ ಕೊಟ್ಟರೆ ತಿಂಗಳಿಗೆ ಸುಮಾರು 16,700 ಎತ್ತಿಡಬೇಕು. ಒಟ್ಟು 2,68,200 ರೂಪಾಯಿ. ಶೇ. 20 ಅಲ್ಲ, ಹತ್ತಿರಹತ್ತಿರ 27! ಈ ಏಳು ರೂಪಾಯಿಯನ್ನು ಬಿಟ್ಟು ಬಿರಿಯಾನಿಯ ಬೆಲೆ ನಿಗದಿ ಮಾಡಿದರೆ ಲಾಭ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಇ.ಎಸ್.ಐ. ಅನಗತ್ಯ ಖರ್ಚೆಂದು ಕೆಲವರ ಭಾವನೆ. 10 ಅಥವಾ ಹೆಚ್ಚು ನೌಕರರಿರುವಲ್ಲಿ 21,000 ರೂಪಾಯಿವರೆಗಿನ ಸಂಬಳದವರಿಗೆ ಇದು ಅನ್ವಯಿಸುತ್ತದೆ. 2019ರ ಜುಲೈಯಲ್ಲಿ ಮಾಲೀಕರ ಪಾಲನ್ನು ಶೇ. 3.25ಕ್ಕೂ ನೌಕರರ ಪಾಲನ್ನು ಶೇ. 0.75ಕ್ಕೂ ಇಳಿಸಲಾಯಿತು. ಕುದಿಯುವ ಎಣ್ಣೆ, ಹರಿತವಾದ ಕತ್ತಿಗಳ ನಡುವೆ ದುಡಿಯುವವನಿಗೆ ಗಾಯವಾದರೆ ಚಿಕಿತ್ಸೆಯೂ ರಜೆಯ ಕಾಲದ ಭತ್ಯೆಯೂ ಅದರಿಂದ ಸಿಗುತ್ತದೆ. ಇಲ್ಲವಾದರೆ ಆ ಭಾರ ಒಂದೋ ಮಾಲೀಕನ ಮೇಲೆ, ಇಲ್ಲವೇ ಆ ಬಡವನ ಮನೆಯ ಮೇಲೆ ಬೀಳುತ್ತದೆ.

ಹಾಗಾದರೆ ವೆಚ್ಚ ತಗ್ಗಿಸುವುದು ಹೇಗೆ? ಸಂಬಳ ಕಡಿಮೆ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದು ನಷ್ಟದ ದಾರಿ. ಪರೋಟ ಮಾಡುವವರು ತಿಂಗಳಿಗೆ 1,500 ರೂಪಾಯಿ ಹೆಚ್ಚು ಕೇಳಿದರು, ಮಾಲೀಕರು ಒಪ್ಪಲಿಲ್ಲ, ಅವರು ಬಿಟ್ಟುಹೋದರು ಎನ್ನಿ. ಬೇರೊಬ್ಬರು ಸಿಗಲು ಎಂಟು ದಿನ ಹಿಡಿಯಿತು. ದಿನಕ್ಕೆ 6,000ದ ಪರೋಟ ವ್ಯಾಪಾರ ನಿಂತರೆ 48,000 ರೂಪಾಯಿ ಮಾರಾಟ ಹೋಯಿತು. ಸಾಮಾನಿನ ಖರ್ಚು ಕಳೆದು ಶೇ. 40 ಉಳಿಯುವುದಾದರೆ ಕೈತಪ್ಪಿದ್ದು 19,200. ಅವರು ಕೇಳಿದ್ದು ಇಡೀ ವರ್ಷಕ್ಕೆ 18,000 ಮಾತ್ರ!

ಸರಿಯಾದ ದಾರಿ ಗಂಟೆಗಳನ್ನು ಜೋಡಿಸುವುದು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ, ಈ ಮೂರು ಹೊತ್ತಿನಲ್ಲಿ ಜನ ಸೇರುತ್ತಾರೆ. ಮೂರರಿಂದ ಆರರವರೆಗೆ ಮೇಜುಗಳು ಖಾಲಿ. ಆದರೂ ಹತ್ತು ಜನರೂ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುತ್ತಾರೆ. ದಣಿದ ಕೈಯಿಂದ ತಟ್ಟೆ ಒಡೆಯುತ್ತದೆ, ದಣಿದ ಬಾಯಿಂದ ಒರಟು ಮಾತು ಬರುತ್ತದೆ. ಗಂಟೆಗಂಟೆಯ ಮಾರಾಟ ಬರೆದಿಟ್ಟು ಪಾಳಿ ಹಂಚಿದರೆ ಅದೇ ಸಂಬಳದಲ್ಲಿ ಕೆಲಸ ಚೆನ್ನಾಗಿ ನಡೆಯುತ್ತದೆ, ನೌಕರನಿಗೆ ವಿಶ್ರಾಂತಿಯೂ ಸಿಗುತ್ತದೆ. ರಂಜಾನ್ ತಿಂಗಳಲ್ಲಿ ನಾವು ಹಗಲಿನ ಪಾಳಿ ಇಳಿಸಿ ಸಂಜೆಯದನ್ನು ಹೆಚ್ಚಿಸುತ್ತೇವಲ್ಲ, ಅದೇ ಜಾಣ್ಮೆ ಉಳಿದ ಹನ್ನೊಂದು ತಿಂಗಳಲ್ಲೂ ಇರಲಿ. ಒಬ್ಬರಿಗೆ ಎರಡು ಕೆಲಸ ಕಲಿಸಿ. ವಾರದ ರಜೆ ತಪ್ಪಿಸಬೇಡಿ. ಹೆಚ್ಚುವರಿ ಅವಧಿಗೆ ಕಾನೂನಿನಂತೆ ದುಪ್ಪಟ್ಟು ಕೂಲಿ ಕೊಡಬೇಕಾದ್ದರಿಂದ ಪಾಳಿ ತಪ್ಪಿದರೆ ನಷ್ಟ ನಮಗೇ.

ಮಾರಾಟ ಇಳಿದಾಗ ಈ ಶೇಕಡಾವಾರು ತಾನಾಗಿ ಏರುತ್ತದೆ ಎಂಬುದೂ ನೆನಪಿರಲಿ. ಗಿರಾಕಿಗಳು ಹತ್ತೇ ಇದ್ದರೂ ಅಡುಗೆಯವರು ಬೇಕೇ ಬೇಕು. ಅದು ನೌಕರರ ತಪ್ಪಲ್ಲ. ಖಾಲಿ ಹೊತ್ತಿನಲ್ಲಿ ಪಾರ್ಸೆಲ್, ಸಂಜೆಯ ತಿಂಡಿ ಮುಂತಾಗಿ ವ್ಯಾಪಾರ ಹೆಚ್ಚಿಸುವುದೇ ಅದಕ್ಕೆ ಮದ್ದು.

ಕೊನೆಯದಾಗಿ, ಅಗ್ಗದ ಕೈಗಳೆಂದು ಮಕ್ಕಳನ್ನು ದುಡಿಸಬಾರದು. ಕರಾವಳಿಯ ಎಷ್ಟೋ ಹುಡುಗರು ಹಿಂದೆ ಮುಂಬಯಿಯ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಅವರ ಛಲ ದೊಡ್ಡದು. ಆದರೆ ಓದು ನಿಂತುಹೋದವರ ಲೆಕ್ಕ ಯಾರೂ ಇಟ್ಟಿಲ್ಲ. 2006ರ ಅಕ್ಟೋಬರ್ 10ರಿಂದ ಹೋಟೆಲು, ಧಾಬಾಗಳಲ್ಲಿ 14 ವರ್ಷದೊಳಗಿನವರ ದುಡಿಮೆ ನಿಷಿದ್ಧವಾಗಿದೆ. ಶಿಕ್ಷಣಕ್ಕಾಗಿಯೇ ಹುಟ್ಟಿದ ಸಂಘದವರು ಕಾನೂನಿನ ಭಯಕ್ಕಿಂತ ಮೊದಲೇ ಇದನ್ನು ಪಾಲಿಸಬೇಕು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೂವತ್ತು ದಿನ ನಿಮ್ಮ ಮನೆಯ ಅಥವಾ ಪರಿಚಿತರ ಹೋಟೆಲಿನ ಮಾರಾಟವನ್ನೂ ದುಡಿದ ಗಂಟೆಗಳನ್ನೂ ಬರೆಯಿರಿ. ತಿಂಗಳ ಕೊನೆಗೆ ಆ ಪುಟಗಳನ್ನು ಹಿರಿಯರ ಮುಂದಿಡಿ. ನೌಕರನಿಗೆ ನ್ಯಾಯ, ಮಾಲೀಕನಿಗೆ ಲಾಭ, ಎರಡೂ ಒಂದೇ ಪುಸ್ತಕದಲ್ಲಿ ಕೂಡಿಬರುವುದನ್ನು ನೀವೇ ಕಾಣುವಿರಿ.