ಹಣೆಬರಹವಲ್ಲ, ನೀರು



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮಕ್ಕಳ ಕಾಲು ಸೊಟ್ಟಾದರೆ ಹಣೆಬರಹ ಅಂತಾರೆ. ನಾವು ಬೋರಿನ ನೀರು ನೋಡೋಣ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ಎಲುಬಿಗೆ ಇಳಿಯುತ್ತದೆ.

ಇಂಥ ನೀರು ಕುಡಿದ ಹುಡುಗರ ಮೊಣಕಾಲು ಒಂದಕ್ಕೊಂದು ತಾಗುವುದನ್ನು ಹೈದರಾಬಾದಿನ ವಿಜ್ಞಾನಿಗಳಾದ ಕೃಷ್ಣಮಾಚಾರಿ, ಕೃಷ್ಣಸ್ವಾಮಿ 1973ರಲ್ಲಿ ಬರೆದರು. ಎಕ್ಸ್‌ರೇಯಲ್ಲಿ ಬೆನ್ನೆಲುಬು ಸುಣ್ಣದಂಗೆ ಬೆಳ್ಳಗೆ, ದಟ್ಟ. ಕೈಕಾಲಿನ ಎಲುಬು ಮಾತ್ರ ಸವೆದು ತೆಳ್ಳಗೆ. ದೊಡ್ಡವರ ಮುಂಗೈಯಲ್ಲಿ ಎರಡೆಲುಬಿನ ನಡುವಿನ ಪೊರೆಯೂ ಎಲುಬಾಗುತ್ತದೆ. ಹಾಲು ಕಾಣದ ಮಗುವಿಗೇ ಏಟು ಹೆಚ್ಚು.

ಕಾಯಿಸಿದರೆ ಫ್ಲೋರೈಡ್ ಹೋಗದು. ಸೊಟ್ಟಾದ ಎಲುಬಿಗೆ ಗುಳಿಗೆಯಿಲ್ಲ. ರಜೆಗೆ ಊರಿಗೆ ಹೋದಾಗ ಕೇರಿಯ ಬೋರಿನ ನೀರು ಪ್ಲಾಸ್ಟಿಕ್ ಬಾಟ್ಲಿಯಲ್ಲಿ ತಂದು ಪರೀಕ್ಷೆ ಮಾಡಿಸೋಣ. ಅಂಕಿ ಹಿಡಿದು ಹೊಳೆ ನೀರು ಕೇಳೋಣ. ಹಣೆಬರಹದ ಮೇಲೆ ಅರ್ಜಿ ಹಾಕೋಕಾಗಲ್ಲ, ನೀರಿಗೆ ಹಾಕಬಹುದು.