ಬ್ಯಾಲೆ ಶಾಲೆಯ ಆಯ್ಕೆ

ಮಗುವನ್ನು ಸಂಗೀತಪಾಠಕ್ಕೆ ಸೇರಿಸಬೇಕೆಂದರೆ ನಮ್ಮ ತಂದೆತಾಯಿಗಳು ನಾಲ್ಕು ಕಡೆ ವಿಚಾರಿಸುತ್ತಾರೆ; ಮೇಷ್ಟರು ಯಾರ ಶಿಷ್ಯರು, ಯಾವ ಬಾನಿಯವರು ಎಂದು ಕೇಳುತ್ತಾರೆ. ಪರಿಚಯವೇ ಇಲ್ಲದ ಕಲೆಯಾದರೆ ಏನನ್ನು ಕೇಳಬೇಕೆಂಬುದೇ ತೋರದು. ಕಳೆದ ಬೇಸಗೆಯಲ್ಲಿ ಈ ಕಷ್ಟ ನನ್ನ ಪಾಲಿಗೂ ಬಂದಿತು. ನನ್ನ ತಂಗಿಯ ಸಂಸಾರ ಲಂಡನ್ನಿನ ಪಶ್ಚಿಮಭಾಗದ ಒಂದು ಬಡಾವಣೆಯಲ್ಲಿದೆ. ಒಂಬತ್ತು ವರ್ಷದ ಅವಳ ಮಗಳು, ಗೆಳತಿಯರನ್ನು ನೋಡಿ, ತಾನೂ ಬ್ಯಾಲೆ ಕಲಿಯಬೇಕೆಂದು ಹಟ ಹಿಡಿದಿದ್ದಳು. ನಡೆದುಹೋಗುವಷ್ಟು ದೂರದಲ್ಲಿಯೇ ಮೂರು ಶಾಲೆಗಳಿದ್ದುವು. “ಅಣ್ಣಯ್ಯ, ಇಪ್ಪತ್ತು ವರ್ಷ ಪಾಠ ಹೇಳಿದವನು ನೀನು. ಮೂರರಲ್ಲಿ ಯಾವುದು ಒಳ್ಳೆಯದು, ನೋಡಿ ಹೇಳು” ಎಂದಳು ತಂಗಿ. ಷೇಕ್ಸ್‌ಪಿಯರನ ನಾಟಕಗಳಿಗೆ ಅರ್ಥ ಹೇಳುವವನಿಗೆ ನೃತ್ಯದ ವಿಚಾರ ಏನು ತಿಳಿದೀತು? ಆದರೂ ಸೋದರಮಾವನ ಗೌರವವನ್ನು ಉಳಿಸಿಕೊಳ್ಳಬೇಕಲ್ಲ! ಒಪ್ಪಿಕೊಂಡೆ.

ನಮ್ಮಲ್ಲಿ ನೃತ್ಯನಾಟಕಗಳನ್ನೆಲ್ಲ ಬ್ಯಾಲೆ ಎನ್ನುವ ರೂಢಿಯುಂಟು. ನಾನು ಹೇಳುತ್ತಿರುವುದು ಯೂರೋಪಿನ ಶಾಸ್ತ್ರೀಯ ನೃತ್ಯದ ವಿಷಯ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆ 1661ರಲ್ಲಿ ನೃತ್ಯಕ್ಕಾಗಿಯೇ ಒಂದು ರಾಜಸಂಸ್ಥೆಯನ್ನು ಸ್ಥಾಪಿಸಿದನು. ಪಾದಗಳನ್ನು ಇರಿಸುವ ಐದು ಮೂಲಕ್ರಮಗಳು ಆ ಕಾಲದಲ್ಲಿ ನೆಲೆಗೊಂಡುವು. ಇಂದಿಗೂ ಪಾಠ ಅವುಗಳಿಂದಲೇ ಆರಂಭವಾಗುತ್ತದೆ. ಈ ಕಲೆ ನಮಗೆ ತೀರ ದೂರದ್ದೂ ಅಲ್ಲ. ರುಕ್ಮಿಣೀದೇವಿ ಅರುಂಡೇಲರು ಭರತನಾಟ್ಯಕ್ಕೆ ಬರುವ ಮೊದಲು, ಅನ್ನಾ ಪಾವ್ಲೋವಾ ಅವರ ತಂಡದ ಕ್ಲಿಯೋ ನಾರ್ಡಿಯವರಲ್ಲಿ ಬ್ಯಾಲೆಯನ್ನು ಅಭ್ಯಾಸಮಾಡಿದ್ದರು. ತಮ್ಮ ನಾಡಿನ ನೃತ್ಯದ ಕಡೆಗೆ ತಿರುಗಿ ನೋಡುವಂತೆ ಅವರನ್ನು ಪ್ರೇರಿಸಿದವರೂ ಪಾವ್ಲೋವಾ ಅವರೇ.

ಮೊದಲನೆಯ ಶಾಲೆಯ ಮುಂಗೋಣೆಯಲ್ಲಿ ಬೆಳ್ಳಿಯ ಬಟ್ಟಲುಗಳ ಸಾಲು. ಗೋಡೆಯ ತುಂಬ ವಾರ್ಷಿಕೋತ್ಸವದ ಚಿತ್ರಗಳು. ನನ್ನ ಸೊಸೆಯಷ್ಟೇ ವಯಸ್ಸಿನ ಹುಡುಗಿಯರು ಕಾಲ್ಬೆರಳ ತುದಿಯ ಮೇಲೆ ಹೂವಿನಂತೆ ನಿಂತಿದ್ದರು. “ಮುಂದಿನ ವರ್ಷ ನಿಮ್ಮ ಹುಡುಗಿಯೂ ಹೀಗೆಯೇ ನಿಲ್ಲುತ್ತಾಳೆ” ಎಂದರು ಶಾಲೆಯವರು. ಪಾಠವನ್ನು ನೋಡಬಹುದೇ ಎಂದು ಕೇಳಿದೆ. ಉತ್ಸವದ ದಿನವಲ್ಲದೆ ತಂದೆತಾಯಿಗಳಿಗೆ ಒಳಗೆ ಪ್ರವೇಶವಿಲ್ಲವೆಂದರು. ನಿಜ ಹೇಳಬೇಕೆಂದರೆ, ಆ ಚಿತ್ರಗಳಿಗೆ ನಾನೂ ಮರುಳಾಗಿದ್ದೆ. ಎರಡನೆಯದರಲ್ಲಿ ಉಪಾಧ್ಯಾಯಿನಿ ಒಳ್ಳೆಯವರು. ಆದರೆ ಗಾರೆಯ ನೆಲದ ಮೇಲೆ ಮೂವತ್ತು ಮಕ್ಕಳು ಒಟ್ಟಿಗೆ ನೆಗೆಯುತ್ತಿದ್ದರು.

ಮೂರನೆಯದು ಒಂದು ಚರ್ಚಿಗೆ ಸೇರಿದ ಹಳೆಯ ಸಭಾಂಗಣದಲ್ಲಿ ನಡೆಯುತ್ತಿತ್ತು. ಬಟ್ಟಲೂ ಇಲ್ಲ, ಚಿತ್ರವೂ ಇಲ್ಲ. ನಾವು ಹೋದದ್ದು ಒಂದು ಮಂಗಳವಾರ ಸಂಜೆ. ವಯಸ್ಸಾದ ಉಪಾಧ್ಯಾಯಿನಿ ಒಂದು ಬೆಂಚನ್ನು ತೋರಿಸಿ “ಕುಳಿತು ನೋಡಿ” ಎಂದರು. ಹನ್ನೆರಡು ಮಕ್ಕಳು ಗೋಡೆಯ ಬಳಿಯ ಮರದ ಕಂಬಿಯನ್ನು ಹಿಡಿದು ನಿಂತು, ಮಂಡಿಯನ್ನು ಬಾಗಿಸುವುದು, ಪಾದವನ್ನು ಚಾಚುವುದು, ಇವನ್ನೇ ಅರ್ಧ ಗಂಟೆ ಮಾಡಿದರು. ಒಬ್ಬ ಹುಡುಗ ಪಾದಗಳನ್ನು ಬಹಳವಾಗಿ ಹೊರಕ್ಕೆ ತಿರುಗಿಸಿ ನಿಂತಿದ್ದ. ಆಕೆ ಬಗ್ಗಿ ಅವನ್ನು ತಮ್ಮ ಕೈಯಿಂದಲೇ ಒಳಕ್ಕೆ ಸರಿಸಿದರು. ಹೆಚ್ಚು ಮಾಡಿದ್ದನ್ನು ಕಡಮೆಮಾಡಿಸುವ ಗುರುವನ್ನು ನಾನು ಕಂಡದ್ದು ಅಪರೂಪ, ಕಾರಣವೇನೆಂದು ಕೇಳಿದೆ. ನಮ್ಮ ಅರೆಮಂಡಿಯಲ್ಲಿರುವಂತೆ ಬ್ಯಾಲೆಯಲ್ಲಿಯೂ ಕಾಲು ಹೊರಮುಖವಾಗಬೇಕು. ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ಅಲ್ಲಿ ಬಾರದ್ದನ್ನು ಪಾದವನ್ನು ತಿರುಚಿ ತಂದರೆ ಅದರ ಭಾರವನ್ನು ಮೊಣಕಾಲು ಹೊರಬೇಕಾಗುತ್ತದೆ. “ನೋಡುವವರಿಗೆ ಚೆನ್ನಾಗಿ ಕಾಣುತ್ತದೆ, ಹುಡುಗನ ಮಂಡಿ ಕೆಡುತ್ತದೆ” ಎಂದರು.

ಅಷ್ಟರಲ್ಲಿ ಸುಮಾರು ಹನ್ನೊಂದು ವರ್ಷದ ಒಬ್ಬಳು ಓಡಿಬಂದು, ತನಗೆ ತುದಿಗಾಲಿನ ಪಾದರಕ್ಷೆ ಯಾವಾಗ ಎಂದು ಕೇಳಿದಳು. “ಈಗಲೇ ಅಲ್ಲ. ಹಿಮ್ಮಡಿಯ ಕೀಲು ಇನ್ನೂ ಅಲುಗುತ್ತಿದೆ” ಎಂದರು ಆಕೆ. ಹುಡುಗಿಯ ಮುಖ ಬಾಡಿತು; ಆದರೆ ಮರಳಿ ಹೋಗಿ ಕಂಬಿಯನ್ನು ಹಿಡಿದಳು.

ಈ ಪಾದರಕ್ಷೆಯ ವಿಚಾರವನ್ನು ತಿಳಿದುಕೊಳ್ಳುವುದು ಅವಶ್ಯಕ. 1832ರಲ್ಲಿ ಪ್ಯಾರಿಸ್ಸಿನಲ್ಲಿ ಮೇರಿ ಟ್ಯಾಗ್ಲಿಯೋನಿ ಬೆರಳ ತುದಿಯ ಮೇಲೆ ನರ್ತಿಸಿ ಜನರನ್ನು ಬೆರಗುಗೊಳಿಸಿದಂದಿನಿಂದ ಪ್ರತಿಯೊಬ್ಬ ಹುಡುಗಿಯ ಕನಸೂ ಅದೇ. ಬಟ್ಟೆ ಕಾಗದಗಳನ್ನು ಅಂಟಿನಿಂದ ಪದರಪದರವಾಗಿ ಗಟ್ಟಿಮಾಡಿದ ಮುಂಗಾಲಿನೊಳಗೆ ಬೆರಳುಗಳನ್ನು ಸೇರಿಸಿ, ಇಡೀ ದೇಹದ ಭಾರವನ್ನು ಅಲ್ಲಿ ನಿಲ್ಲಿಸಬೇಕು. ಮಕ್ಕಳ ಪಾದದ ಮೂಳೆಗಳಾದರೋ ಹದಿಹರೆಯದವರೆಗೂ ಬಲಿಯುತ್ತಲೇ ಇರುತ್ತವೆ. ಆದಕಾರಣ ಬಲ್ಲವರು 11–12 ವರ್ಷಕ್ಕೆ ಮುಂಚೆ ಇದನ್ನು ಸಾಮಾನ್ಯವಾಗಿ ತೊಡಿಸುವುದಿಲ್ಲ. ವಯಸ್ಸೊಂದೇ ಸಾಲದು, ಕೆಲವು ವರ್ಷಗಳ ಕ್ರಮವಾದ ಅಭ್ಯಾಸವೂ, ಹಿಮ್ಮಡಿ ಸೊಂಟ ಬೆನ್ನುಗಳಲ್ಲಿ ಬಲವೂ ಇರಬೇಕು. ಮೊದಲನೆಯ ಶಾಲೆಯ ಚಿತ್ರಗಳನ್ನು ನೆನೆದು ನನಗೆ ನಾಚಿಕೆಯಾಯಿತು.

ಇಂಗ್ಲೆಂಡಿನಲ್ಲಿ ನೃತ್ಯಶಾಲೆಯ ಹಲಗೆಯನ್ನು ತೂಗುಹಾಕುವುದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ. ಆದುದರಿಂದ ಉಪಾಧ್ಯಾಯರು ಎಲ್ಲಿ ಕಲಿತವರು ಎಂದು ಸಂಕೋಚವಿಲ್ಲದೆ ಕೇಳತಕ್ಕದ್ದು. 1920ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಈಗ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್ ಎನಿಸಿಕೊಂಡಿರುವ ಸಂಸ್ಥೆ ಅರ್ಹರಾದ ಉಪಾಧ್ಯಾಯರ ಪಟ್ಟಿಯನ್ನು ಇಟ್ಟಿರುತ್ತದೆ. ಮಕ್ಕಳಿಗೆ ಶ್ರೇಣಿವಾರು ಪರೀಕ್ಷೆಗಳನ್ನೂ ನಡೆಸುತ್ತದೆ. ಪರೀಕ್ಷೆ ಏಣಿಯ ಮೆಟ್ಟಿಲೇ ಹೊರತು ಮಾಳಿಗೆಯಲ್ಲ. ನೆಲವನ್ನೂ ನೋಡಬೇಕು: ಗಾರೆಯ ಮೇಲೆ ನೆಗೆದರೆ ಏಟು ಕಾಲಿಗೇ ಮರಳುತ್ತದೆ, ಕೆಳಗೆ ಪೊಳ್ಳು ಬಿಟ್ಟು ಹಾಸಿದ ಮರದ ನೆಲ ಸ್ವಲ್ಪ ಬಳುಕಿ ಅದನ್ನು ತಾನು ತೆಗೆದುಕೊಳ್ಳುತ್ತದೆ. ಆದರೆ ಎಲ್ಲಕ್ಕಿಂತ ಮೇಲಾದ ಪರೀಕ್ಷೆ ಒಂದೇ: ಮಗು ಕೇಳಿದಾಗ, ತಾಯಿ ಒತ್ತಾಯಿಸಿದಾಗ, ಶುಲ್ಕ ಕೈಬಿಟ್ಟು ಹೋಗಬಹುದೆಂದು ತಿಳಿದಾಗಲೂ, “ಈಗಲೇ ಅಲ್ಲ” ಎಂದು ಹೇಳುವ ಧೈರ್ಯ ಆ ಗುರುವಿಗೆ ಉಂಟೇ?

ನನ್ನ ತೀರ್ಪನ್ನು ಕೇಳಿ ಸೊಸೆ ಅತ್ತಳು. “ಮಾವ, ಅಲ್ಲಿ ಕಂಬಿ ಹಿಡಿದು ನಿಲ್ಲುವುದೇ ಕೆಲಸ!” ಎಂದು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ತಂಗಿ ಅವಳನ್ನು ಮೂರನೆಯ ಶಾಲೆಗೇ ಸೇರಿಸಿದಳು. ಹುಡುಗಿ ಇನ್ನೂ ನೆಲದ ಮೇಲೆಯೇ ಇದ್ದಾಳೆ. ಆದರೆ ಈಚಿನ ಕಾಗದದಲ್ಲಿ, ಅಡಿಗೆಮನೆಯ ಕಟ್ಟೆಯನ್ನು ಹಿಡಿದು ದಿನವೂ ತಾನಾಗಿ ಅಭ್ಯಾಸಮಾಡುತ್ತಾಳೆಂದು ತಂಗಿ ಬರೆದಿದ್ದಾಳೆ. ನನಗೆ ಅಷ್ಟು ಸಾಕು.

ಶ್ರೋತೃಗಳೇ, ಇದು ಲಂಡನ್ನಿನ ಮಾತಷ್ಟೇ ಅಲ್ಲ. ಅಡವುಗಳು ಕೈಗೂಡುವ ಮೊದಲೇ ರಂಗಪ್ರವೇಶಕ್ಕೆ ದಿನ ಗೊತ್ತುಮಾಡುವ ಆತುರ ನಮ್ಮಲ್ಲಿಯೂ ಇಲ್ಲವೇ? ನಿಮ್ಮ ಬೀದಿಯ ನೃತ್ಯಶಾಲೆ ಎಂಥದು ಎಂದು ತಿಳಿಯಬೇಕಾದರೆ ವಾರ್ಷಿಕೋತ್ಸವದ ದಿನ ಹೋಗಬೇಡಿ. ಯಾವುದಾದರೊಂದು ಸಾಧಾರಣ ಮಂಗಳವಾರ ಹೋಗಿ, ಹಿಂದಿನ ಬೆಂಚಿನ ಮೇಲೆ ಒಂದು ಗಂಟೆ ಸುಮ್ಮನೆ ಕುಳಿತು ನೋಡಿ. ಕುಳಿತುಕೊಳ್ಳಲು ಬಿಡದ ಶಾಲೆಯಾದರೆ, ನಿಮಗೆ ಉತ್ತರ ಆಗಲೇ ದೊರೆತಂತಾಯಿತು.