ಕುಂಟುವ ನಾಯಿಗೆ ಕೀಲಿನ ಸೂಜಿಮದ್ದು



ಬಳ್ಳಾರಿಯ ಓಣಿಯಲ್ಲಾಗಲಿ, ಸಿರುಗುಪ್ಪದ ಭತ್ತದ ಗದ್ದೆಯಲ್ಲಾಗಲಿ, ಕುರುಗೋಡಿನ ಗುಡ್ಡದ ಕೆಳಗಾಗಲಿ, ಹತ್ತು ವರ್ಷ ಮನೆ ಕಾಯ್ದ ನಾಯಿ ಬೆಳಿಗ್ಗೆ ಏಳುವಾಗ ಹಿಂಗಾಲೆಳೆದರೆ ‘ಮುಪ್ಪು ಬಂತು’ ಎಂದು ಸುಮ್ಮನಾಗುತ್ತೇವೆ. ಹಲವು ವೇಳೆ ಅದು ಕೀಲುವಾತ. ಈ ನೋವಿಗೆ ನಾಯಿ ಕೂಗುವುದು ಅಪರೂಪ. ಮೆಟ್ಟಿಲ ಬಳಿ ತಡೆದು ನಿಲ್ಲುತ್ತದೆ, ಮುಟ್ಟಿದರೆ ಗುರುಗುಟ್ಟುತ್ತದೆ.

ಕೀಲಿನೊಳಕ್ಕೇ ಸ್ಟೆರಾಯ್ಡ್ ಚುಚ್ಚುವ ಪದ್ಧತಿ ಹಳೆಯದು. ಆದರೆ ಆ ಮದ್ದು ಬೇಗ ರಕ್ತಕ್ಕೆ ಸೇರಿಹೋಗುತ್ತದೆ. ಆದುದರಿಂದ ಅದನ್ನು ಸಾಸಿವೆಗಿಂತ ಎಷ್ಟೋ ಸಣ್ಣ ಕಣಗಳಲ್ಲಿ ಹುದುಗಿಸಿ ಚುಚ್ಚುವ ಉಪಾಯ ಬಂದಿದೆ. ಆಪರೇಷನ್ನಿನ ಬಳಿಕ ತಾನಾಗಿ ಕರಗುವ ಹೊಲಿಗೆದಾರ ಉಂಟಲ್ಲ, ಅದೇ ಜಾತಿಯ ವಸ್ತು. ಅದು ಕರಗಿದಂತೆಲ್ಲ ಮದ್ದು ವಾರಗಟ್ಟಲೆ ಒಸರುತ್ತದೆ. ಮನುಷ್ಯರ ಮೊಣಕಾಲಿಗೆ ಇಂಥದೊಂದಕ್ಕೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ದೊರೆಯಿತು. ನಾಯಿಗಳಲ್ಲಿಯೂ ಪ್ರಯೋಗಗಳು ನಡೆದಿವೆ.

ಸವೆದ ಕೀಲು ಇದರಿಂದ ಮತ್ತೆ ಬೆಳೆಯದು. ಇಳಿಯುವುದು ನೋವು, ಬಾವು. ಕೀಲಿನಲ್ಲಿ ಕೀವಿದ್ದರೆ ಸ್ಟೆರಾಯ್ಡ್ ಚುಚ್ಚಲೇಕೂಡದು. ಪರೀಕ್ಷೆ ಮೊದಲು, ಸೂಜಿ ಆಮೇಲೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಮೈಕೈ ನೋವಿನ ಐಬುಪ್ರೊಫೆನ್ ಮಾತ್ರೆಯನ್ನು ರೊಟ್ಟಿಯಲ್ಲಿ ಸುತ್ತಿ ಹಾಕಬೇಡಿರಿ. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಕೆಟ್ಟು, ನಾಯಿ ಸಾಯಬಹುದು. ದನದ ದವಾಖಾನೆಗೆ ಕರೆದೊಯ್ಯಿರಿ. ಮೈ ಬಂದಿದ್ದರೆ ಅನ್ನ ಕಡಿಮೆ ಮಾಡಿರಿ. ತಣ್ಣನೆಯ ಕಡಪಾ ಕಲ್ಲಿನ ಮೇಲೆ ಮಲಗುವ ನಾಯಿಗೆ ಗೋಣಿಚೀಲವೊಂದನ್ನು ಮಡಚಿ ಹಾಸಿರಿ.